ಸಮುದ್ರಗರ ವೃದ್ಧಿಯೂ ಸ್ವನೌಕೆಯ ವಿಮಾಪತ್ರವೂ

ಕರಾವಳಿಯಲ್ಲಿ ವಾಸವಾಗಿರುವ ನಮ್ಮ ಮಿತ್ರರೊಬ್ಬರು ವಿನೋದಯಾತ್ರೆಗಳಿಗಾಗಿ ಒಂದು ಚಿಕ್ಕ ಹಾಯಿನೌಕೆಯನ್ನು ಸ್ವಂತವಾಗಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ವಿಮೆ ಮಾಡಿಸಬೇಕೆಂದು ಎರಡು ಸಂಸ್ಥೆಗಳಿಂದ ಎರಡು ವಿಮಾಪತ್ರಗಳ ಮಾದರಿಗಳನ್ನು ತರಿಸಿ, ಅವುಗಳಲ್ಲಿ ಯಾವುದು ಮೇಲೆಂಬುದನ್ನು ನಿಶ್ಚಯಿಸಲಾರದೆ, ಎರಡನ್ನೂ ನಮ್ಮ ಮುಂದೆ ತಂದಿಟ್ಟರು. ವ್ಯಾಕರಣ ಧರ್ಮಶಾಸ್ತ್ರಗಳಲ್ಲಿ ಕಾಲ ಕಳೆದವನಿಗೂ ಹಾಯಿನೌಕೆಯ ವಿಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವೂ ಅದನ್ನೇ ಕೇಳಿದೆವು. ಮನುಯಾಜ್ಞವಲ್ಕ್ಯರ ಕಾಲದಲ್ಲಿಯೇ ನಮ್ಮಲ್ಲಿ ನೌಕಾವಿಮೆಯಿತ್ತೆಂದು ತಾವು ಒಂದು ಸಭೆಯಲ್ಲಿ ಕೇಳಿರುವುದಾಗಿಯೂ, ಇದ್ದುದು ನಿಜವಾದರೆ ಆ ಹಳೆಯ ವಿಮೆಯೊಡನೆ ಈ ಎರಡನ್ನೂ ಹೋಲಿಸಿ ಹೇಳಬೇಕೆಂದೂ ಅವರು ಉತ್ತರವಿತ್ತರು. ಅರ್ಧ ಹಾಸ್ಯಕ್ಕೆ ಆಡಿದ ಮಾತಾದರೂ ಅದು ನಮ್ಮನ್ನು ಕೆಲವು ತಿಂಗಳು ಬಿಡಲಿಲ್ಲ. ಅಂದು ಆರಂಭವಾದ ಹೋಲಿಕೆಯ ಫಲವೇ ಈ ಲೇಖನವು.

ಮೊದಲು ಶಬ್ದದ ವಿಚಾರ. 'ವಿಮೆ' ಎಂಬುದು ಸಂಸ್ಕೃತವೂ ಅಲ್ಲ, ಅಚ್ಚಗನ್ನಡವೂ ಅಲ್ಲ. ಪಾರಸಿಯಲ್ಲಿ 'ಬೀಮ್' ಎಂದರೆ ಭಯ, ಅದರಿಂದ 'ಬೀಮಾ', ಅದು ಮರಾಠಿಯಲ್ಲಿ 'ವಿಮಾ' ಆಗಿ ನಮಗೆ 'ವಿಮೆ'ಯಾಗಿ ಬಂದಿರುತ್ತದೆ. ಭಯದಿಂದ ಹುಟ್ಟಿದ ವ್ಯವಹಾರಕ್ಕೆ ಭಯವೇ ಹೆಸರಾದುದು ಸಹಜವಾಗಿಯೇ ಇದೆ. ಇದಕ್ಕೆ ಸಂಸ್ಕೃತಪರ್ಯಾಯವನ್ನು ಹುಡುಕುವವರು 'ಯೋಗಕ್ಷೇಮ' ಶಬ್ದವನ್ನು ಹಿಡಿಯುವುದುಂಟು. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮದ ಲಾಂಛನದಲ್ಲಿ ಗೀತೆಯ ಈ ಪದವಿರುವುದರಿಂದ ಆ ಭಾವನೆಯು ಇನ್ನಷ್ಟು ಬೇರೂರಿದೆ. ಆದರೆ ಅಲಬ್ಧವಾದುದರ ಲಾಭವು ಯೋಗ, ಲಬ್ಧವಾದುದರ ಪರಿಪಾಲನೆಯು ಕ್ಷೇಮ, ಇಷ್ಟೇ ಪ್ರಾಚೀನರು ಹೇಳುವ ಅರ್ಥ. ಮನುವು ವರ್ತಕರಿಗೆ ಕರವನ್ನು ವಿಧಿಸುವಾಗ ಕ್ರಯವಿಕ್ರಯ, ದಾರಿ, ಅನ್ನದ ವೆಚ್ಚ, ಇವುಗಳೊಡನೆ ಯೋಗಕ್ಷೇಮವನ್ನೂ ರಾಜನು ಗಮನಿಸಬೇಕೆನ್ನುತ್ತಾನೆ. ಅದು ಕಳ್ಳಕಾಕರಿಂದ ಸರಕನ್ನು ಕಾಯ್ದುಕೊಳ್ಳುವ ವೆಚ್ಚವಲ್ಲದೆ, ಸರಕು ಹೋದ ಮೇಲೆ ಅದರ ಬೆಲೆಯನ್ನು ಮತ್ತೊಬ್ಬನಿಂದ ಪಡೆಯುವ ಹಕ್ಕಲ್ಲ. ಕಾವಲುಗಾರನ ಕೂಲಿಯನ್ನು ವಿಮೆಯೆಂದು ಕರೆದರೆ ಮನೆಯ ಬೀಗವನ್ನೂ ಹಾಗೆಯೇ ಕರೆಯಬೇಕಾದೀತು.

ಸ್ಮೃತಿಗಳಲ್ಲಿ ನೌಕಾವಿಮೆಯಿತ್ತೆಂಬ ವಾದಕ್ಕೆ ನಿಜವಾದ ಆಧಾರವೆಂದು ಹೇಳತಕ್ಕುದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಋಣಾದಾನಪ್ರಕರಣವು. ಅಲ್ಲಿ ಅಡವಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗದ ವೃದ್ಧಿಯನ್ನು, ಎಂದರೆ ನೂರಕ್ಕೆ ಒಂದೂಕಾಲನ್ನು, ವಿಧಿಸಿದೆ. ಅಡವಿಲ್ಲದ ಸಾಲಕ್ಕೆ ವರ್ಣಕ್ರಮದಿಂದ ನೂರಕ್ಕೆ ಎರಡು ಮೂರು ನಾಲ್ಕು ಐದು. ಅನಂತರ ಕಾಂತಾರಗರಿಗೆ, ಅಂದರೆ ದಟ್ಟಡವಿಯನ್ನು ಹಾಯ್ದು ವ್ಯಾಪಾರಕ್ಕೆ ಹೋಗುವವರಿಗೆ, ನೂರಕ್ಕೆ ಹತ್ತು. ಸಮುದ್ರಗರಿಗೆ ನೂರಕ್ಕೆ ಇಪ್ಪತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಕ್ರಮವಿದೆ: ಧರ್ಮ್ಯವಾದ ಮಾಸವೃದ್ಧಿಯು ನೂರು ಪಣಕ್ಕೆ ಒಂದೂಕಾಲು, ವ್ಯಾವಹಾರಿಕವಾದುದು ಐದು, ಕಾಂತಾರಗಳಿಗೆ ಹತ್ತು, ಸಮುದ್ರಕ್ಕೆ ಇಪ್ಪತ್ತು. ಮೈಸೂರಿನ ಪ್ರಾಚ್ಯಪುಸ್ತಕಭಾಂಡಾರದಲ್ಲಿದ್ದ ತಾಳೆಯೋಲೆಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚುಹಾಕಿಸುವವರೆಗೆ ಈ ಎರಡು ಗ್ರಂಥಗಳನ್ನು ಒಟ್ಟಿಗಿಟ್ಟು ನೋಡುವ ಸೌಕರ್ಯವೇ ವಿದ್ವಾಂಸರಿಗಿರಲಿಲ್ಲ.

ತಿಂಗಳಿಗೆ ನೂರಕ್ಕೆ ಇಪ್ಪತ್ತೆಂದರೆ ವರ್ಷಕ್ಕೆ ಇನ್ನೂರ ನಲವತ್ತು. ಈ ಸಂಖ್ಯೆಯನ್ನು ನೋಡಿ ಬೆರಗಾಗದವರಾರು? ಸಮುದ್ರಕ್ಕೆ ಮಾತ್ರ ಇಷ್ಟು ಏಕೆಂಬುದಕ್ಕೆ ಕಾರಣವನ್ನು ಹೇಳಿದವನು ನಮ್ಮ ವಿಜ್ಞಾನೇಶ್ವರ. 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣಪಟ್ಟಣದಲ್ಲಿ ಅವನು ಮಿತಾಕ್ಷರೆಯನ್ನು ರಚಿಸಿದನು. ಹೆಚ್ಚಿನ ಲಾಭಕ್ಕಾಗಿ ಪ್ರಾಣಕ್ಕೂ ಧನಕ್ಕೂ ನಾಶದ ಶಂಕೆಯಿರುವ ಸ್ಥಳವನ್ನು ಹೊಗುವವರು ಇಷ್ಟನ್ನು ಕೊಡಬೇಕು, ಏಕೆಂದರೆ ಬಡ್ಡಿಯಷ್ಟೇ ಅಲ್ಲ ಮೂಲವೇ ನಾಶವಾಗುವ ಶಂಕೆ ಅಲ್ಲಿದೆ, ಎಂಬುದು ಅವನ ವಿವರಣೆಯ ಸಾರ. ಅಪಾಯಕ್ಕೆ ಬೆಲೆಯುಂಟು, ಆ ಬೆಲೆಯನ್ನು ಬಡ್ಡಿಯೊಳಗೆ ಸೇರಿಸಬೇಕು, ಎಂಬ ಈ ವಿಚಾರವು ಹನ್ನೊಂದು ಹನ್ನೆರಡನೆಯ ಶತಮಾನಗಳ ಕನ್ನಡನಾಡಿನಲ್ಲಿ ಇಷ್ಟು ಸ್ಪಷ್ಟವಾಗಿ ಬರೆಯಲ್ಪಟ್ಟಿತೆಂಬುದು ಹೆಮ್ಮೆಪಡತಕ್ಕ ವಿಷಯವೇ ಸರಿ.

ಹೆಮ್ಮೆಯು ಇಲ್ಲಿಗೆ ನಿಂತರೆ ಸಾಧು. ಈ ವಾಕ್ಯವನ್ನೇ ಹಿಡಿದು ನೌಕೆಯು ಮುಳುಗಿದರೆ ಸಾಲವೇ ತೀರಿಹೋಗುತ್ತಿತ್ತೆಂದೂ, ಆದಕಾರಣ ಇದು ವಿಮೆಯೆಂದೂ ಹೇಳುವುದು ನಮಗೆ ಒಪ್ಪಿಗೆಯಾಗುವುದಿಲ್ಲ. ಮೂಲನಾಶದ ಶಂಕೆಯು ಅಧಿಕವೃದ್ಧಿಗೆ ಹೇತುವಾಗಿ ಹೇಳಲ್ಪಟ್ಟಿದೆಯೇ ಹೊರತು ಋಣಮೋಚನಕ್ಕೆ ನಿಮಿತ್ತವಾಗಿ ಹೇಳಲ್ಪಟ್ಟಿಲ್ಲ. ಹೊಣೆಯಿಂದ ಬಿಡುಗಡೆಯನ್ನು ಹೇಳಬೇಕಾದಲ್ಲಿ ಯಾಜ್ಞವಲ್ಕ್ಯನು ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಅಡವಿಟ್ಟ ವಸ್ತುವು ನಷ್ಟವಾದರೆ ಅಡವು ಹಿಡಿದವನು ಕೊಡಬೇಕು, ಆದರೆ ದೈವದಿಂದ ಅಥವಾ ರಾಜನಿಂದ ನಷ್ಟವಾದರೆ ಕೊಡಬೇಕಿಲ್ಲ. ನ್ಯಾಸವಾಗಿ ಇಟ್ಟ ವಸ್ತುವನ್ನು ರಾಜ, ದೈವ, ಕಳ್ಳರು ಅಪಹರಿಸಿದರೆ ಇಟ್ಟುಕೊಂಡವನನ್ನು ಪೀಡಿಸಬಾರದು. ಇವೆರಡೂ ಋಣಾದಾನಕ್ಕೆ ಸೇರಿಯೋ ಅದರ ಬೆನ್ನಿಗೋ ಬರುವ ಮಾತುಗಳು. ಇಷ್ಟು ಸಮೀಪದಲ್ಲಿ ದೈವಿಕನಷ್ಟದ ಅಪವಾದವನ್ನು ಎರಡು ಬಾರಿ ಹೇಳಿದ ಸ್ಮೃತಿಕಾರನು ಸಮುದ್ರಗನ ವಿಷಯದಲ್ಲಿ ಮಾತ್ರ ಹೇಳಲು ಮರೆತನೆಂದು ಊಹಿಸುವುದು ನ್ಯಾಯವಲ್ಲ. ತಂದೆಯ ಸಾಲವನ್ನು ಮಕ್ಕಳೂ ಮೊಮ್ಮಕ್ಕಳೂ ತೀರಿಸಬೇಕೆಂಬ ವಿಧಿಯೂ ಅದೇ ಪ್ರಕರಣದಲ್ಲಿದೆ. ಕಡಲಿನಲ್ಲಿ ಸತ್ತವನ ಮಕ್ಕಳಿಗೆ ಅದರಿಂದ ವಿನಾಯಿತಿಯಿಲ್ಲ.

ಹಾಗಾದರೆ ಮೂಲಕ್ಕೂ ಹೊಣೆಯಾಗಿರುವವನು ತಿಂಗಳಿಗೆ ಇಪ್ಪತ್ತನ್ನು ಏಕೆ ಕೊಡುತ್ತಿದ್ದನೆಂದು ಪೂರ್ವಪಕ್ಷಿಯು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳು. ಕೌಟಿಲ್ಯನು ಈ ಮೇರೆಯನ್ನು ಮೀರಿ ಬಡ್ಡಿ ತೆಗೆಯುವವನಿಗೂ ತೆಗೆಯಿಸುವವನಿಗೂ ದಂಡವನ್ನು ಹೇಳಿರುವುದರಿಂದ ಇಪ್ಪತ್ತೆಂಬುದು ಮೇಲಿನ ಮೇರೆಯೇ ಹೊರತು ಎಲ್ಲರೂ ಕೊಡುತ್ತಿದ್ದ ದರವಲ್ಲ. ದರವನ್ನು ಗೊತ್ತುಮಾಡುವವರು ಸಮುದ್ರಯಾನದಲ್ಲಿ ಕುಶಲರಾಗಿ ದೇಶ, ಕಾಲ, ಲಾಭಗಳನ್ನು ಬಲ್ಲವರೆಂದು ಮನುವು ಹೇಳುತ್ತಾನೆ. ಪರಸ್ಪರ ಒಪ್ಪಿದ ವೃದ್ಧಿಯನ್ನು ಯಾಜ್ಞವಲ್ಕ್ಯನೂ ಅಂಗೀಕರಿಸುತ್ತಾನೆ. ಎರಡನೆಯದಾಗಿ, ಸಾಲಿಗನು ಸರಕಿನೊಡನೆ ಮುಳುಗಿದರೆ ಸಾಲವು ಶಾಸ್ತ್ರದಲ್ಲಿ ಉಳಿದರೂ ಲೋಕದಲ್ಲಿ ಉಳಿಯುವುದಿಲ್ಲ. ಉತ್ತಮರ್ಣನ ಶಂಕೆಗೆ ಅಷ್ಟು ಸಾಕು. ಹೀಗೆ ನಮ್ಮ ಶಾಸ್ತ್ರವು ಅಪಾಯಕ್ಕೆ ಬೆಲೆ ಕಟ್ಟಿತು, ಆದರೆ ಅಪಾಯವನ್ನು ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಇಳಿಸಲಿಲ್ಲ.

ಇಳಿಸುವುದೆಂದರೆ ಹೇಗಿರುತ್ತದೆಂಬುದನ್ನು ಯವನರ ಋಣಪತ್ರವೊಂದರಿಂದ ತಿಳಿಯಬಹುದು. ಕ್ರಿಸ್ತಪೂರ್ವ 4ನೆಯ ಶತಮಾನದ ಅಥೆನ್ಸಿನ ವಾಗ್ಮಿಯಾದ ಡೆಮಾಸ್ತನೀಸನ ಹೆಸರಿನಲ್ಲಿ ಉಳಿದುಬಂದಿರುವ ಭಾಷಣಗಳಲ್ಲಿ ಲಾಕ್ರಿಟಸನೆಂಬವನ ಮೇಲಿನ ವ್ಯಾಜ್ಯದಲ್ಲಿ ಆ ಪತ್ರವು ಪೂರ್ತಿಯಾಗಿ ಸೇರಿದೆ. ಸಾಲವು 3000 ದ್ರಾಖ್ಮಗಳು. ಮೆಂಡೆಯ ಮದ್ಯದ 3000 ಜಾಡಿಗಳೇ ಅದಕ್ಕೆ ಅಡವು. ಅಥೆನ್ಸಿನಿಂದ ಮೆಂಡೆ ಅಥವಾ ಸ್ಕಿಯೋನೆಗೆ, ಅಲ್ಲಿಂದ ಬಾಸ್ಪೊರಸ್ಸಿಗೆ, ಮರಳಿ ಅಥೆನ್ಸಿಗೆ ಯಾನವು. ವೃದ್ಧಿಯು ಯಾನವೊಂದಕ್ಕೆ ಸಾವಿರಕ್ಕೆ 225; ಆದರೆ ಆರ್ಕ್ಟೂರಸ್ ನಕ್ಷತ್ರವು ಉದಯಿಸಿದ ಮೇಲೆ ಕರಿಯ ಸಮುದ್ರದಿಂದ ಹೊರಟರೆ ಸಾವಿರಕ್ಕೆ 300. ಈ ಆರ್ಕ್ಟೂರಸ್ ಎಂಬುದು ನಮ್ಮ ಸ್ವಾತಿಯೇ. ನಮ್ಮಲ್ಲಿ ಮುತ್ತನ್ನು ಹುಟ್ಟಿಸುವುದೆಂದು ಕವಿಗಳು ಕೊಂಡಾಡುವ ತಾರೆಯು ಅಲ್ಲಿ ಶರತ್ಕಾಲದ ಬಿರುಗಾಳಿಯ ಸೂಚಕವಾಗಿ ಬಡ್ಡಿಯನ್ನೇರಿಸುತ್ತಿತ್ತು. ಸರಕು ಸುರಕ್ಷಿತವಾಗಿ ಅಥೆನ್ಸಿಗೆ ಬಂದ ಇಪ್ಪತ್ತು ದಿನಗಳೊಳಗೆ ಹಣವನ್ನು ಕೊಡಬೇಕು. ಬಿರುಗಾಳಿಯಲ್ಲಿ ಎಲ್ಲರೂ ಒಪ್ಪಿ ಸಮುದ್ರಕ್ಕೆಸೆದುದನ್ನೂ ಶತ್ರುಗಳಿಗೆ ತೆತ್ತುದನ್ನೂ ಕಳೆದುಕೊಳ್ಳಬಹುದು. ನೌಕೆಯು ಸರಿಪಡಿಸಲಾಗದಂತೆ ಹಾಳಾದರೆ ಉಳಿದ ಸರಕಷ್ಟೇ ಸಾಲ ಕೊಟ್ಟವರ ಪಾಲು. ಇಲ್ಲಿ ಸಂದೇಹವಿಲ್ಲ: ಮುಳುಗಿದರೆ ಮುಳುಗಿದುದು ಧನಿಕನ ಹಣ.

ಹೊಣೆಯು ಇಳಿದೊಡನೆ ಕಪಟವೂ ಹುಟ್ಟಿತು. ಅದೇ ವಾಗ್ಮಿಯ ಮತ್ತೊಂದು ಭಾಷಣದಲ್ಲಿ ಹೆಗೆಸ್ಟ್ರಾಟಸನೆಂಬ ನೌಕಾಪತಿಯ ಕಥೆಯಿದೆ. ಸಿರಕ್ಯೂಸಿನಲ್ಲಿ ಸಾಲ ತೆಗೆದು, ಹಣವನ್ನು ತನ್ನ ಊರಾದ ಮಸಾಲಿಯಾಕ್ಕೆ ಕಳುಹಿಸಿ, ನೌಕೆಯು ಮುಳುಗಿದರೆ ಸಾಲ ತೀರುವುದೆಂದು ರಾತ್ರಿ ಅದರ ತಳವನ್ನು ತಾನೇ ಕೊರೆಯತೊಡಗಿದನಂತೆ. ಸದ್ದಿನಿಂದ ಸಿಕ್ಕಿಬಿದ್ದು, ಚಿಕ್ಕದೋಣಿಗೆ ಹಾರಹೋಗಿ, ಕತ್ತಲೆಯಲ್ಲಿ ತಪ್ಪಿ ಸಮುದ್ರಕ್ಕೆ ಬಿದ್ದು ಸತ್ತನು. ಇಂದಿನ ವಿಮಾಪತ್ರಗಳಲ್ಲಿ ನಮ್ಮ ಮಿತ್ರರಿಗೆ ಅವಮಾನಕರವಾಗಿ ತೋರಿದ ಹಲವು ಪ್ರಶ್ನೆಗಳಿಗೆ ಮೂಲಪುರುಷನು ಇಂಥವನೇ ಎಂದು ಅವರಿಗೆ ಹೇಳಿದೆವು.

ಯವನರಿಂದ ರೋಮಕರಿಗೆ ಈ ನೌಕಾಋಣವು ಹೋಯಿತು. 528ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಇದರ ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ 12ಕ್ಕೆ ಇಳಿಸಿದನು. 13ನೆಯ ಶತಮಾನದಲ್ಲಿ ಒಂಬತ್ತನೆಯ ಗ್ರಿಗರಿ ಎಂಬ ಪೋಪನು ಇದೂ ಕುಸೀದವೇ ಎಂದು ನಿಂದಿಸಿದನು. ಬಡ್ಡಿಯ ಮಾತೆತ್ತಿದರೆ ಪಾಪವೆಂದಾದ ಮೇಲೆ ಇಟಲಿಯ ವರ್ತಕರು ಅಪಾಯವನ್ನು ಸಾಲದಿಂದ ಬೇರ್ಪಡಿಸಿದರು. 1347ನೆಯ ಅಕ್ಟೋಬರ್ 23ರಂದು ಜಿನೋವಾ ನಗರದಲ್ಲಿ ಬರೆದ ಪತ್ರವೊಂದು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ಸಾಂತಾ ಕ್ಲಾರಾ ಎಂಬ ನೌಕೆಯು ಮಜೋರ್ಕಾ ದ್ವೀಪಕ್ಕೆ ಹೊರಟಿದೆ. ಪತ್ರದಲ್ಲಿ ಒಬ್ಬನು ಮತ್ತೊಬ್ಬನಿಂದ ಬಡ್ಡಿಯಿಲ್ಲದ ಪ್ರೀತಿಯ ಸಾಲವನ್ನು ಪಡೆದುದಾಗಿ ಬರೆದುಕೊಡುತ್ತಾನೆ. ನೌಕೆಯು ಆರು ತಿಂಗಳೊಳಗೆ ಮಜೋರ್ಕಾಕ್ಕೆ ಸುಖವಾಗಿ ಮುಟ್ಟಿದರೆ ಈ ಪತ್ರವು ರದ್ದು ಎಂದೂ ಅದರಲ್ಲಿದೆ. ಸಾಲವೆಂಬುದು ವೇಷ ಮಾತ್ರ. ನೌಕೆಯು ಮುಟ್ಟದಿದ್ದರೆ ಹಣ ಕೊಡುವೆನೆಂಬುದೇ ನಿಜವಾದ ಮಾತು. ಹಣವನ್ನು ಸಾಲವಾಗಿ ಕೊಡದೆಯೇ, ಸರಕಿನಲ್ಲಿ ಪಾಲೂ ಇಲ್ಲದೆ, ನೌಕೆಯ ಮೇಲೆ ಕಾಲಿಡದೆ, ಅದರ ಅಪಾಯವನ್ನು ಮಾತ್ರ ಕೊಂಡುಕೊಳ್ಳುವ ಮೂರನೆಯ ಮನುಷ್ಯನೊಬ್ಬನು ಇಲ್ಲಿ ಕಾಣಿಸಿಕೊಳ್ಳುತ್ತಾನೆ. ಯಾಜ್ಞವಲ್ಕ್ಯನಲ್ಲಿ ಇಲ್ಲದವನು ಈತನೇ.

ಈತನು ನಮ್ಮ ದೇಶದಲ್ಲಿ ಯಾವಾಗ ಕಾಣಿಸಿಕೊಂಡನು? 1695ರಲ್ಲಿ ಸುಜಾನರಾಯನು ಪಾರಸಿಯಲ್ಲಿ ಬರೆದ 'ಖುಲಾಸತುತ್ ತವಾರೀಖ್' ಎಂಬ ಗ್ರಂಥದಲ್ಲಿ, ದಾರಿಯ ಭಯದಿಂದ ವರ್ತಕರು ಸರಕನ್ನು ಸರಾಫರಿಗೆ ಒಪ್ಪಿಸುವರೆಂದೂ, ಅವರು ಶುಲ್ಕವನ್ನು ಪಡೆದು ಅದನ್ನು ಗೊತ್ತಾದ ಊರಿನಲ್ಲಿ ಮುಟ್ಟಿಸುವ ಹೊಣೆ ಹೊರುವರೆಂದೂ, ಇದಕ್ಕೆ ಬೀಮಾ ಎಂದು ಹೆಸರೆಂದೂ ಹೇಳಿದೆ. ಶಬ್ದವೂ ಅರ್ಥವೂ ಒಟ್ಟಿಗೆ ದೊರೆಯುವ ಸ್ಥಳವಿದು. ಆದುದರಿಂದ ನಮ್ಮಲ್ಲಿ ವಿಮೆಯಿತ್ತೇ ಎಂಬ ಪ್ರಶ್ನೆಗೆ, ಆಂಗ್ಲರ ಶಾಸನಗಳಿಗಿಂತ ಮೊದಲೇ ದೇಶೀಯ ಸರಾಫರಲ್ಲಿ ಇತ್ತೆಂದೇ ಉತ್ತರ ಕೊಡಬೇಕು. ಇದನ್ನು ಬಿಟ್ಟು ಮನುವಿನ ಬಾಯಿಂದ ಅದನ್ನು ಹೇಳಿಸುವ ಶ್ರಮವೇಕೆ ಎಂದು ನಮಗೆ ತಿಳಿಯುವುದಿಲ್ಲ.

ವಿಮೆಯೆಂಬ ಇಡೀ ಕಟ್ಟಡವು ಸ್ಮೃತಿಗಳಲ್ಲಿ ಇಲ್ಲದಿದ್ದರೂ, ಅದರ ಕಲ್ಲುಕಂಬಗಳಲ್ಲಿ ಹಲವು ಅಲ್ಲಿ ಬಿದ್ದಿವೆ. ಮಿತ್ರರ ವಿಮಾಪತ್ರಗಳನ್ನು ಷರತ್ತು ಷರತ್ತಾಗಿ ಓದುವಾಗ ನಮಗೆ ಹೆಚ್ಚು ಸಂತೋಷವಾದುದು ಇವುಗಳನ್ನು ಗುರುತಿಸುವುದರಲ್ಲಿ. ಎರಡು ಪತ್ರಗಳೂ 1985ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಚುರವಾದ ವಿಹಾರನೌಕೆಗಳ ಷರತ್ತುಗಳನ್ನು ಹೆಚ್ಚುಕಡಮೆ ಅನುಸರಿಸಿದ್ದವು. ಆ ಷರತ್ತುಗಳ ಹಿಂದೆ 1906ರ ಆಂಗ್ಲ ನೌಕಾವಿಮಾಶಾಸನವೂ, ಅದನ್ನು ಬಹುಮಟ್ಟಿಗೆ ಅನುಸರಿಸಿದ 1963ರ ಭಾರತೀಯ ಶಾಸನವೂ, ಇವುಗಳಿಗೂ ಹಿಂದೆ 1779ರಲ್ಲಿ ಲಾಯ್ಡ್ಸ್ ವಿಮಾಗಾರರು ಅಂಗೀಕರಿಸಿದ ಹಳೆಯ ಪತ್ರವೂ ಇವೆ. ಈ ಲಾಯ್ಡ್ಸ್ ಎಂಬುದು 1688ರ ವೇಳೆಗೆ ಲಂಡನ್ನಿನಲ್ಲಿ ನಡೆಯುತ್ತಿದ್ದ ಒಂದು ಕಾಫಿಯಂಗಡಿಯ ಹೆಸರು. ನಾವಿಕರೂ ವರ್ತಕರೂ ಅಲ್ಲಿ ಸೇರುತ್ತಿದ್ದುದರಿಂದ ಇಷ್ಟು ದೊಡ್ಡ ಸಂಸ್ಥೆಯು ಬೆಳೆಯಿತು.

ಮೊದಲನೆಯ ಕಂಬವು ನೌಕೆಯ ಯೋಗ್ಯತೆ. ಅರ್ಥಶಾಸ್ತ್ರದ ನಾವಧ್ಯಕ್ಷಪ್ರಕರಣದಲ್ಲಿ, ಜನವೂ ಉಪಕರಣವೂ ಸಾಲದೆ ಅಥವಾ ಸಂಸ್ಕಾರವಿಲ್ಲದೆ ನೌಕೆಯು ಕೆಟ್ಟರೆ, ಹೋದುದನ್ನೂ ಹಾಳಾದುದನ್ನೂ ನಾವಧ್ಯಕ್ಷನು ತುಂಬಿಕೊಡಬೇಕೆಂದಿದೆ. ಪುರುಷ, ಉಪಕರಣ, ಸಂಸ್ಕಾರ, ಈ ಮೂರನ್ನೇ ಇಂದಿಗೂ ನ್ಯಾಯಾಲಯಗಳು ನೌಕೆಯು ಸಮುದ್ರಯೋಗ್ಯವೇ ಅಲ್ಲವೇ ಎಂದು ನೋಡುವಾಗ ಕೇಳುತ್ತವೆ. ಒಂದು ಯಾನಕ್ಕಾಗಿ ಮಾಡಿದ ವಿಮೆಯಲ್ಲಿ ನೌಕೆಯು ಯೋಗ್ಯವಾಗಿದೆಯೆಂಬ ಪ್ರತಿಜ್ಞೆಯು ಹೇಳದಿದ್ದರೂ ಅಡಗಿರುತ್ತದೆ. ವರ್ಷಕ್ಕೆಂದು ಮಾಡಿದ ವಿಮೆಯಲ್ಲಿ ಅದು ಅಡಗಿರುವುದಿಲ್ಲ. ಆದರೆ ಒಡೆಯನು ಅಯೋಗ್ಯತೆಯನ್ನು ಬಲ್ಲವನಾಗಿಯೂ ನೌಕೆಯನ್ನು ಕಡಲಿಗಿಳಿಸಿದರೆ, ಆ ಅಯೋಗ್ಯತೆಯಿಂದಾದ ನಷ್ಟವು ಅವನದೇ. ವಿಹಾರನೌಕೆಗಳ ವಿಮೆಯು ಸಾಮಾನ್ಯವಾಗಿ ವರ್ಷದ್ದು.

ಎರಡನೆಯದು ಪುರುಷಾಪರಾಧ ಮತ್ತು ದೈವ ಎಂಬ ಭೇದ. ಅಂಬಿಗರ ತಪ್ಪಿನಿಂದ ನೌಕೆಯಲ್ಲಿ ಏನಾದರೂ ಕೆಟ್ಟರೆ ಅಂಬಿಗರೆಲ್ಲರೂ ತಮ್ಮ ತಮ್ಮ ಪಾಲಿನಂತೆ ಕೂಡಿ ಕೊಡಬೇಕೆಂದೂ, ದೈವಿಕವಾಗಿ ಕೆಟ್ಟರೆ ಅವರನ್ನು ದಂಡಿಸಬಾರದೆಂದೂ ಮನುವಿನ ಎಂಟನೆಯ ಅಧ್ಯಾಯವು ಹೇಳುತ್ತದೆ. ಇಲ್ಲಿ ವಿಮೆಗೂ ಸ್ಮೃತಿಗೂ ನಡುವೆ ವಿಚಿತ್ರವಾದ ವಿಪರ್ಯಾಸವುಂಟು. ಸ್ಮೃತಿಯಲ್ಲಿ ದೈವಿಕನಷ್ಟವು ಯಾರ ಮೇಲೂ ಬೀಳದೆ ಕಳೆದುಕೊಂಡವನ ಮೇಲೆಯೇ ಉಳಿಯುತ್ತದೆ. ವಿಮೆಯಲ್ಲಿ ದೈವಿಕನಷ್ಟವೇ ಪರಿಹಾರಕ್ಕೆ ಯೋಗ್ಯವಾದುದು. ಬೇಕೆಂದು ಮಾಡಿದ ಹಾನಿಯೂ ಸಾಧಾರಣವಾದ ಸವೆತವೂ ಹೊರಗುಳಿಯುತ್ತವೆ. ಹಾಯಿಯು ಬಿಚ್ಚಿರುವಾಗ ಗಾಳಿಗೆ ಹರಿದರೆ ಅಥವಾ ಹಾರಿಹೋದರೆ, ಕೂವೆಯು ಮುರಿದುದರಿಂದಲೋ ನೌಕೆಯು ನೆಲಹತ್ತಿದುದರಿಂದಲೋ ಹಾಗಾದುದಲ್ಲದಿದ್ದರೆ, ಪರಿಹಾರವಿಲ್ಲವೆಂದು 1985ರ ಷರತ್ತುಗಳಲ್ಲಿದೆ. ಗಾಳಿಗೆ ಹಾಯಿ ಹರಿಯುವುದು ದೈವವಲ್ಲದೆ ಮತ್ತೇನೆಂದು ಮಿತ್ರರು ಸಿಟ್ಟಾದರು. ಗಾಳಿಗೆ ಒಡ್ಡುವುದಕ್ಕೆಂದೇ ಇರುವ ಬಟ್ಟೆಯು ಗಾಳಿಗೆ ಹರಿದರೆ ಅದು ಸವೆತವೆಂದು ವಿಮಾಗಾರರ ಮತ. ಬುಟ್ಟಿಯು ನೀರನ್ನು ಸೋರಿತೆಂದು ಬುಟ್ಟಿಗಾರನನ್ನು ದೂರುವಂತಿಲ್ಲವಷ್ಟೆ.

ದೈವದ ವಿಚಾರ ಬಂದುದರಿಂದ ಒಂದು ಮಾತು. ಬಿರುಗಾಳಿಗೆ ಸಿಕ್ಕಿ ಬಂದ ನೌಕೆಯನ್ನು ತಂದೆಯಂತೆ ಅನುಗ್ರಹಿಸಬೇಕೆಂದೂ, ನೀರಿಗೆ ನೆನೆದ ಸರಕಿಗೆ ಸುಂಕವನ್ನು ಪೂರ್ತಿಯಾಗಲಿ ಅರ್ಧವಾಗಲಿ ಬಿಡಬೇಕೆಂದೂ ಕೌಟಿಲ್ಯನು ನಾವಧ್ಯಕ್ಷನಿಗೆ ವಿಧಿಸುತ್ತಾನೆ. ಆದರೆ ಲೋಕದಲ್ಲಿ ನಡೆದುದು ಬೇರೆ. ಕಾಕತೀಯ ಗಣಪತಿದೇವನು 1244-45ರಲ್ಲಿ ಮೋಟುಪಲ್ಲಿಯಲ್ಲಿ ಬರೆಯಿಸಿದ ಅಭಯಶಾಸನದಲ್ಲಿ, ಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ನೌಕೆಗಳ ಸರ್ವಸ್ವವನ್ನೂ ಹಿಂದಿನ ರಾಜರು ಕಿತ್ತುಕೊಳ್ಳುತ್ತಿದ್ದರೆಂದೂ, ತಾನು ಸುಂಕವನ್ನು ಮಾತ್ರ ತೆಗೆದು ಉಳಿದುದನ್ನು ಬಿಡುವೆನೆಂದೂ ಹೇಳಿಕೊಂಡಿದ್ದಾನೆ. ಅದೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ಎಂಬ ಪ್ರವಾಸಿಯು ಮಲಬಾರಿನ ಏಳಿಮಲೆಯ ಪ್ರಾಂತದವರು, ಬೇರೆಡೆಗೆ ಹೊರಟು ತಮ್ಮ ಅಳಿವೆಗೆ ಬಂದ ನೌಕೆಯನ್ನು ದೇವರೇ ತಮಗೆ ಕಳುಹಿಸಿದನೆಂದು ಸುಲಿಯುವರೆಂದು ಬರೆದನು. 1442-43ರಲ್ಲಿ ಕಲ್ಲಿಕೋಟೆಗೆ ಬಂದು, ಮಂಗಳೂರಿನ ದಾರಿಯಿಂದ ವಿಜಯನಗರಕ್ಕೆ ಹೋದ ಅಬ್ದುರ್ ರಜಾಕನು, ಇತರ ರೇವುಗಳ ಈ ಪದ್ಧತಿಯು ಕಲ್ಲಿಕೋಟೆಯಲ್ಲಿ ಇಲ್ಲವೆಂದು ಮೆಚ್ಚಿಕೊಂಡಿದ್ದಾನೆ. ನೌಕೆಯ ಒಡೆಯನಿಗೆ ಸಮುದ್ರಕ್ಕಿಂತ ದಡವೇ ಭಯಂಕರವಾದ ಕಾಲವೊಂದಿತ್ತು. 1779ರ ಲಾಯ್ಡ್ಸ್ ಪತ್ರದಲ್ಲಿ ಕಡಲು, ಬೆಂಕಿ, ಕಡಲ್ಗಳ್ಳರು ಇವರೊಡನೆ ರಾಜರುಗಳ ಬಂಧನವನ್ನೂ ಅಪಾಯವಾಗಿ ಎಣಿಸಿರುವುದು ಇದರಿಂದ ಅರ್ಥವಾಗುತ್ತದೆ.

ರಕ್ಷಣೆಯ ವಿಷಯವೂ ಸ್ಮೃತಿಯಲ್ಲಿದೆ. ಸಂಭೂಯಸಮುತ್ಥಾನದಲ್ಲಿ, ಎಂದರೆ ಪಾಲುಗಾರಿಕೆಯ ವ್ಯಾಪಾರದಲ್ಲಿ, ನಿಷೇಧಿಸಿದುದನ್ನೋ ಹೇಳದುದನ್ನೋ ಮಾಡಿ ಅಥವಾ ಪ್ರಮಾದದಿಂದ ಕೆಡಿಸಿದವನು ತೆರಬೇಕು. ವಿಪ್ಲವದಿಂದ ಸರಕನ್ನು ಕಾಪಾಡಿದವನು ಅದರ ಹತ್ತನೆಯ ಪಾಲನ್ನು ಪಡೆಯಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ನಷ್ಟವನ್ನು ತಪ್ಪಿಸಲು ಒಡೆಯನು ಮಾಡಿದ ಯುಕ್ತವಾದ ವೆಚ್ಚವನ್ನು ವಿಮಾಗಾರನು ಕೊಡಬೇಕೆಂಬ ಇಂದಿನ ಷರತ್ತಿಗೆ ಇದು ದೂರದ ಬಂಧುವು.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಅಂಶವು ಉಳಿಯಿತು. ಮೇಲೆ ಹೇಳಿದ ಸ್ಮೃತಿವಿಧಿಗಳಲ್ಲಿ ಪ್ರತಿಯೊಂದಕ್ಕೂ ಎದುರಾಳಿಯೊಬ್ಬನು ಬೇಕು. ಸಾಲಿಗನಿಗೆ ಧನಿಕ, ಪ್ರಯಾಣಿಕನಿಗೆ ಅಂಬಿಗ, ರಾಜನೌಕೆಯಲ್ಲಿ ಹೋದವನಿಗೆ ನಾವಧ್ಯಕ್ಷ, ಪಾಲುಗಾರನಿಗೆ ಪಾಲುಗಾರ. ಅದೇ ನಾವಧ್ಯಕ್ಷಪ್ರಕರಣದಲ್ಲಿ ಶಂಖವನ್ನೂ ಮುತ್ತನ್ನೂ ತೆಗೆಯುವವರು ರಾಜನೌಕೆಗೆ ಬಾಡಿಗೆ ಕೊಡಲಿ ಅಥವಾ ತಮ್ಮ ಸ್ವಂತ ನೌಕೆಗಳಿಂದ ಹೋಗಲಿ ಎಂದು ಕೌಟಿಲ್ಯನು ಒಂದು ವಿಕಲ್ಪವನ್ನು ಹೇಳುತ್ತಾನೆ. ಈ ಸ್ವನೌಕೆಯ ಮನುಷ್ಯನನ್ನು ವಾಚಕರು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಬೇಕು. ಅವನು ಸಾಲ ಮಾಡಿಲ್ಲ, ಆದಕಾರಣ ಅಪಾಯದ ಬೆಲೆಯನ್ನು ಎಣಿಸುವ ಧನಿಕನಿಲ್ಲ. ತಾನೇ ಅಂಬಿಗನು, ಆದಕಾರಣ ತಪ್ಪಿಗೆ ತೆರುವವರಿಲ್ಲ. ನಾವಧ್ಯಕ್ಷನ ಹೊಣೆಯು ರಾಜನೌಕೆಗೆ ಮುಗಿಯಿತು. ಬಾಡಿಗೆ ಉಳಿಸಿದವನು ಹೊಣೆಗಾರನನ್ನೂ ಕಳೆದುಕೊಂಡನು. ನಮ್ಮ ಮಿತ್ರರ ಸ್ಥಿತಿಯೂ ಇದೇ. ಶಾಸ್ತ್ರವನ್ನು ಎಷ್ಟು ಹಿಂಡಿದರೂ ಅವರ ನೌಕೆಗೆ ಹೊಣೆಗಾರನು ಸಿಕ್ಕುವುದಿಲ್ಲ. ಜಿನೋವಾದ ಆ ಮೂರನೆಯ ಮನುಷ್ಯನೇ ಬೇಕು.

ಆ ಮನುಷ್ಯನನ್ನು ಆರಿಸುವ ವಿಚಾರಕ್ಕೆ ಈಗ ಬರೋಣ. ಮಿತ್ರರ ಎರಡು ಪತ್ರಗಳಲ್ಲಿ ಮೊದಲನೆಯದರ ವಿಮಾಶುಲ್ಕವು ಹೆಚ್ಚು. ಅದರಲ್ಲಿ ನೌಕೆಯ ಬೆಲೆಯನ್ನು ಇಬ್ಬರೂ ಒಪ್ಪಿ ಮೊದಲೇ ಬರೆದಿಟ್ಟಿತ್ತು. ಹಾಗೆ ಬರೆದ ಬೆಲೆಯನ್ನು, ವಂಚನೆಯಿಲ್ಲದಿದ್ದರೆ, ಆಮೇಲೆ ಪ್ರಶ್ನಿಸುವಂತಿಲ್ಲ. ಎರಡನೆಯದು ಅಗ್ಗ. ಅದರಲ್ಲಿ ನಷ್ಟವಾದ ದಿನದ ಪೇಟೆಬೆಲೆಯನ್ನಷ್ಟೇ ಕೊಡುವುದೆಂದಿತ್ತು. ನೌ ಹಳೆಯದಾದಷ್ಟೂ ಇವೆರಡರ ಅಂತರವು ಬೆಳೆಯುತ್ತ ಹೋಗುತ್ತದೆ. ಹಾಯಿಹಗ್ಗಗಳ ಹೊಸಬೆಲೆಯಲ್ಲಿ ಮೂರರಲ್ಲೊಂದು ಭಾಗದವರೆಗೆ ಕಳೆಯುವ ಹಕ್ಕು ಎರಡರಲ್ಲಿಯೂ ಇತ್ತು; ಪಂದ್ಯಗಳಲ್ಲಿ ಓಡಿಸುವಾಗ ಹಾಯಿಗೂ ಕೂವೆಗೂ ಆಗುವ ಹಾನಿಯನ್ನು ಎರಡೂ ಬೇರೆ ಶುಲ್ಕವಿಲ್ಲದೆ ಒಪ್ಪುತ್ತಿರಲಿಲ್ಲ. ಎರಡನೆಯ ಪತ್ರದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ನೌಕೆಯು ದಡದ ಮೇಲೇ ಇರುವುದೆಂಬ ವಾಕ್ಯವು ವಾರಂಟಿಯ ರೂಪದಲ್ಲಿತ್ತು. 1963ರ ಭಾರತೀಯ ಶಾಸನದಂತೆ ವಾರಂಟಿಯು ಅಕ್ಷರಶಃ ಪಾಲಿಸತಕ್ಕುದು. ಅದು ಅಪಾಯಕ್ಕೆ ಸಂಬಂಧಿಸಿರಲಿ ಬಿಡಲಿ, ಮುರಿದ ದಿನದಿಂದ ವಿಮಾಗಾರನು ಮುಕ್ತನು. ಆಂಗ್ಲರು 2015ರ ಶಾಸನದಿಂದ ಈ ಕಾಠಿನ್ಯವನ್ನು ತಗ್ಗಿಸಿ, ಮುರಿದಿರುವಷ್ಟು ಕಾಲ ಮಾತ್ರ ವಿಮೆಯು ನಿಂತಿರುವುದೆಂದು ಮಾಡಿದರು. ಶ್ರಾವಣದಲ್ಲಿ ಒಂದು ಬಿಸಿಲಿನ ದಿನ ನೌಕೆಯನ್ನು ಇಳಿಸಿ, ಸಂಜೆಗೆ ಸುಖವಾಗಿ ಎಳೆದಿಟ್ಟರೂ, ಕಾರ್ತಿಕದಲ್ಲಿ ಆಗುವ ನಷ್ಟಕ್ಕೆ ನಮ್ಮವರಿಗೆ ಏನೂ ದೊರೆಯದಿರಬಹುದು. ಅಥೆನ್ಸಿನ ಸ್ವಾತಿಯು ಬಡ್ಡಿಯನ್ನು ಮಾತ್ರ ಏರಿಸಿತು. ಈ ಪತ್ರದ ಮಳೆನಕ್ಷತ್ರಗಳು ಇಡೀ ವಿಮೆಯನ್ನೇ ನುಂಗುವಂಥವು.

ಆದುದರಿಂದ ಮೊದಲನೆಯದನ್ನೇ ತೆಗೆದುಕೊಳ್ಳಿರೆಂದೆವು. ಅವರು ಒಪ್ಪಿ ಅರ್ಜಿಯನ್ನು ತುಂಬಿದರು. ಹಿಂದೆ ಎಂದಾದರೂ ನೌಕೆಗೆ ಹಾನಿಯಾಗಿತ್ತೇ ಎಂಬ ಪ್ರಶ್ನೆಗೆ ಎದುರಾಗಿ ಇಲ್ಲವೆಂದು ಬರೆದಿದ್ದರು. ಮೂರು ವರ್ಷಗಳ ಹಿಂದೆ ಅಳಿವೆಯ ಮರಳುದಿಣ್ಣೆಗೆ ತಾಗಿ ಅದರ ಅಡಿಯು ಬಿರಿದಿದ್ದು ನಮಗೆ ಗೊತ್ತಿತ್ತು. ಸರಿಪಡಿಸಿಯಾಗಿದೆ, ಈಗ ಹೇಳಿದರೆ ಶುಲ್ಕ ಏರುತ್ತದೆ, ಎಂದು ಅವರ ವಾದ. 1766ರಲ್ಲಿ ಮಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶನು ಸುಮಾತ್ರದ ಕೋಟೆಯೊಂದರ ವಿಮೆಯ ವ್ಯಾಜ್ಯದಲ್ಲಿ ಹೇಳಿದ ತತ್ತ್ವವನ್ನು ಅವರಿಗೆ ವಿವರಿಸಬೇಕಾಯಿತು: ಅಪಾಯದ ಸಂಗತಿಗಳು ವಿಮೆ ಮಾಡಿಸುವವನ ಹೃದಯದಲ್ಲಿರುತ್ತವೆ, ವಿಮಾಗಾರನು ಅವನ ಮಾತನ್ನೇ ನಂಬಿ ಬೆಲೆ ಕಟ್ಟುತ್ತಾನೆ, ಆದಕಾರಣ ಮುಚ್ಚಿಟ್ಟರೆ ಒಪ್ಪಂದವೇ ನಿಲ್ಲುವುದಿಲ್ಲ. ಇದೇ ನಿಯಮವು 1963ರ ಶಾಸನದಲ್ಲಿಯೂ ಇದೆ. ಹೆಗೆಸ್ಟ್ರಾಟಸನು ತಳವನ್ನು ಕೊರೆದನು, ನೀವು ಕೊರೆದುದನ್ನು ಮುಚ್ಚುತ್ತಿದ್ದೀರಿ, ಎಂದು ನಾವು ಸ್ವಲ್ಪ ಕಟುವಾಗಿಯೇ ಹೇಳಿದೆವು. ಅವರು ಎರಡು ವಾರ ನಮ್ಮ ಮನೆಯ ಕಡೆ ಸುಳಿಯಲಿಲ್ಲ.

ಮೂರನೆಯ ವಾರ ತಿದ್ದಿದ ಅರ್ಜಿಯ ಪ್ರತಿಯೊಡನೆ ಬಂದರು. ಶುಲ್ಕವು ಏರಿತ್ತು. ದುರಸ್ತಿಯ ವಿವರವನ್ನು ಕನ್ನಡದಲ್ಲಿಯೂ ಬರೆದಿಡಬೇಕೆಂದು, ಸಮುದ್ರಯೋಗ್ಯವಾಗುವಂತೆ ಸರಿಪಡಿಸಿದ ನೌಕೆಗೆ ಒಂದೇ ಶಬ್ದ ಯಾವುದೆಂದು ಕೇಳಿದರು. ಕೌಟಿಲ್ಯನು ಸರಿಪಡಿಸದ ನೌಕೆಯನ್ನು 'ಅಸಂಸ್ಕೃತಾ' ಎಂದಿರುವುದನ್ನು ತೋರಿಸಿದೆವು. ಆ ದಾಖಲೆಯಲ್ಲಿ ಈಗ ಅವರ ನೌಕೆಯು 'ಸಂಸ್ಕೃತ'ವೆಂದು ಬರೆಯಲ್ಪಟ್ಟಿದೆ.